ಲೆಕ್ಕದ ಕೆಲಸಕ್ಕೆ ಎರಡು ಮಾನಿಟರ್ ಬೇಕಾ, ದೊಡ್ಡದೊಂದೇ ಸಾಕಾ?

ನಿಮ್ಮ ಪ್ರಶ್ನೆ ಓದಿದೆ. ರಾಯಚೂರಿನಲ್ಲಿ ಹತ್ತಿ ಜಿನ್ನಿಂಗ್ ಮಿಲ್ಲಿನ ಲೆಕ್ಕವನ್ನು ಮನೆಯಿಂದಲೇ ನೋಡುತ್ತೀರಿ, ಜೊತೆಗೆ ಕನ್ನಡ ಟೈಪಿಂಗ್ ಕೆಲಸವೂ ಇದೆ. ಸದ್ಯಕ್ಕೆ 15 ಇಂಚಿನ ಲ್ಯಾಪ್‌ಟಾಪ್, ನಾಲ್ಕಡಿ ಉದ್ದ ಎರಡಡಿ ಅಗಲದ ಟೇಬಲ್ ಇವೆ. 24 ಇಂಚಿನ ಎರಡು ಮಾನಿಟರ್ ತಗೊಳ್ಳಲಾ, 32 ಇಂಚಿನ 4ಕೆ ಒಂದೇ ತಗೊಳ್ಳಲಾ ಅಂತ ಕೇಳಿದ್ದೀರಿ.

ನಾನು ಗಂಗಾವತಿಯಲ್ಲಿ ರೈಸ್ ಮಿಲ್‌ಗಳ, ದಲಾಲಿ ಅಂಗಡಿಗಳ ಲೆಕ್ಕ ಮತ್ತು ಜಿಎಸ್‌ಟಿ ಕೆಲಸ ಮಾಡುತ್ತೇನೆ. 24 ಇಂಚಿನ ಎರಡು ಮಾನಿಟರ್ ಇಟ್ಟುಕೊಂಡು ನಾಲ್ಕು ವರ್ಷ ಕೆಲಸ ಮಾಡಿದ್ದೇನೆ. ಈಗ ಮೂರು ವರ್ಷದಿಂದ 32 ಇಂಚಿನ 4ಕೆ ಒಂದೇ ಇದೆ. ನಿಮಗೆ ನನ್ನ ಸಲಹೆ ಇಷ್ಟು: ದೊಡ್ಡದು ಒಂದೇ ತಗೊಳ್ಳಿ, ಲ್ಯಾಪ್‌ಟಾಪನ್ನು ಅದರ ಪಕ್ಕದಲ್ಲಿ ತೆರೆದಿಡಿ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಮ್ಮಪ್ಪ ದಲಾಲಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ಗಾದಿ ಮೇಲೆ ಕೂತು, ಇಳಿಜಾರಾದ ಮರದ ಡೆಸ್ಕ್ ಮುಂದಿಟ್ಟುಕೊಂಡು ಬರೆಯೋರು. ಹಗಲೆಲ್ಲ ಕಿರ್ದಿ (ದಿನದ ವಹಿವಾಟು ಬರೆಯುವ ಪುಸ್ತಕ) ಎದುರಿಗೆ, ಖಾತೆ ಪುಸ್ತಕ ಎಡಗಡೆ ನೆಲದ ಮೇಲೆ. ಸಂಜೆ ಖತಾವಣಿ, ಅಂದರೆ ಕಿರ್ದಿ ನೋಡಿ ಖಾತೆಗೆ ಬರೆಯೋದು, ಶುರುವಾದರೆ ಜಾಗ ಅದಲು ಬದಲು. ಖಾತೆ ಡೆಸ್ಕ್ ಮೇಲೆ ಬರೋದು, ಕಿರ್ದಿ ಪಕ್ಕಕ್ಕೆ ಹೋಗೋದು. ಯಾವುದರಲ್ಲಿ ಬರೆಯುತ್ತಾರೋ ಅದು ಎದುರಿಗೆ, ಯಾವುದನ್ನು ನೋಡಿ ಬರೆಯುತ್ತಾರೋ ಅದು ಪಕ್ಕಕ್ಕೆ. ಯಾರೂ ಅವರಿಗೆ ಹಾಗೆ ಮಾಡು ಅಂತ ಹೇಳಿಕೊಟ್ಟಿರಲಿಲ್ಲ. ಎಪ್ಪತ್ತು ದಾಟಿದ್ದಾರೆ, ಇವತ್ತಿಗೂ ಅವರಿಗೆ ಕುತ್ತಿಗೆ ನೋವು ಅನ್ನೋದು ಇಲ್ಲ.

ನನಗೆ ಮೂವತ್ತೆಂಟಕ್ಕೇ ಬಂತು. 24 ಇಂಚಿನ ಎರಡನ್ನೂ ಅಕ್ಕಪಕ್ಕ ಸಮವಾಗಿ ಜೋಡಿಸಿದ್ದೆ, ನೋಡೋಕೆ ಚೆಂದ ಇತ್ತು. ಎಡಕ್ಕೆ ಲೆಕ್ಕ ಬರೆಯುವ ಟ್ಯಾಲಿ, ಬಲಕ್ಕೆ ಜಿಎಸ್‌ಟಿಆರ್-2ಬಿ, ಅಂದರೆ ಮಾರಿದವರು ಜಿಎಸ್‌ಟಿಯಲ್ಲಿ ತೋರಿಸಿದ ಬಿಲ್‌ಗಳ ಪಟ್ಟಿ. ನನ್ನ ಮೂಗಿನ ನೇರಕ್ಕೆ ಇದ್ದದ್ದು ಎರಡು ಮಾನಿಟರ್‌ಗಳ ಅಂಚು ಸೇರುವ ಕಪ್ಪು ಪಟ್ಟಿ. ಅಂದರೆ ನೇರವಾಗಿ ನೋಡಿದರೆ ಅಲ್ಲಿ ಏನೂ ಇಲ್ಲ. ಇಡೀ ದಿನ ಒಂದೋ ಎಡಕ್ಕೆ, ಇಲ್ಲ ಬಲಕ್ಕೆ ತಿರುಗಿಯೇ ಕೂತಿರುತ್ತಿದ್ದೆ. 2ಬಿ ಬರೋದು 14ನೇ ತಾರೀಖು, ತಿಂಗಳ ತೆರಿಗೆ ರಿಟರ್ನ್ ಆದ 3ಬಿ ಕಟ್ಟಬೇಕಾದ್ದು 20ಕ್ಕೆ. ಆ ಆರು ದಿನ ದಿನಕ್ಕೆ ಹತ್ತು ತಾಸು ಕೂತರೆ ಬಲಗಡೆ ಕುತ್ತಿಗೆಯಿಂದ ಭುಜದವರೆಗೆ ಕಲ್ಲಿನಂತೆ ಬಿಗಿಯಾಗುತ್ತಿತ್ತು. ಫಿಸಿಯೋಥೆರಪಿಸ್ಟ್ ಒಬ್ಬರು ಕೇಳಿದ ಮೊದಲ ಪ್ರಶ್ನೆಯೇ, "ಕೂತಾಗ ಮುಖ ಯಾವ ಕಡೆ ಇರುತ್ತೆ?" ಅಂತ. ಮನೆಗೆ ಬಂದು ಒಂದು ಮಾನಿಟರ್ ನೇರ ಎದುರಿಗೆ ಇಟ್ಟೆ, ಇನ್ನೊಂದನ್ನು ಬಲಕ್ಕೆ ಓರೆಯಾಗಿ ತಿರುಗಿಸಿದೆ. ನೋವು ಬಹಳ ಮಟ್ಟಿಗೆ ಇಳಿಯಿತು. ಈಗಾಗಲೇ ಎರಡು ಮಾನಿಟರ್ ಇರೋರು ಇದನ್ನು ಓದುತ್ತಿದ್ದರೆ ದಯವಿಟ್ಟು ಇವತ್ತೇ ಇದನ್ನು ಮಾಡಿ. ಒಂದು ಪೈಸೆ ಖರ್ಚಿಲ್ಲ.

ಆದರೆ ಹಾಗೆ ಮಾಡಿದ ಮೇಲೆ ಇನ್ನೊಂದು ವಿಷಯ ಕಂಡಿತು. ಪಕ್ಕದ ಸ್ಕ್ರೀನ್ ಮೇಲೆ ನಾನು ತಾಳೆ ನೋಡುವ ಕೆಲಸ ಮಾಡೋದೇ ಬಿಟ್ಟೆ. ಅಲ್ಲಿ ಸುಮ್ನೆ ಮೇಲ್, ವಾಟ್ಸಾಪ್ ತೆರೆದಿರುತ್ತಿತ್ತು. ಟ್ಯಾಲಿಯನ್ನೂ ಎಕ್ಸೆಲ್ಲನ್ನೂ ಎದುರಿಗಿನ 24 ಇಂಚಿನಲ್ಲೇ ಒತ್ತಿ ಒತ್ತಿ ಕೂರಿಸುತ್ತಿದ್ದೆ. ಕಣ್ಣಿಗೆ ಬೇಕಾದದ್ದು ಎದುರಿಗಿನ ಜಾಗ. ಅದನ್ನು ದೊಡ್ಡದು ಮಾಡಬೇಕಿತ್ತು, ಅಷ್ಟೇ.

ನಿಮ್ಮದು ಹತ್ತಿ. ರೈತರಿಂದ ನೇರ ಕೊಂಡ ಹತ್ತಿ 2ಬಿಯಲ್ಲಿ ಬರೋದೇ ಇಲ್ಲ, ಅದರ ತೆರಿಗೆಯನ್ನು ರಿವರ್ಸ್ ಚಾರ್ಜ್‌ನಲ್ಲಿ ಮಿಲ್ಲೇ ಕಟ್ಟಬೇಕು. ಹಾಗೆ ಕೊಂಡ ಹತ್ತಿಯ ಪಟ್ಟಿಯನ್ನು ಎಪಿಎಂಸಿ ಚೀಟಿಗಳ ಜೊತೆ ಒಂದೊಂದಾಗಿ ತಾಳೆ ನೋಡಬೇಕಲ್ವಾ? ಹಾಗಾದರೆ ನಿಮಗೆ ಒಂದೇ ಹೊತ್ತಿಗೆ ಬೇಕಾದದ್ದು ಎರಡಲ್ಲ, ಮೂರು ಕಾಗದ: ಟ್ಯಾಲಿ, ಆ ಪಟ್ಟಿ, ಚೀಟಿಗಳು. ಎರಡು ಸ್ಕ್ರೀನಿಗೆ ಮೂರು ಕಾಗದ ಹಂಚೋದು ಕಷ್ಟ. ಒಂದು ಅಗಲವಾದ ಜಾಗದಲ್ಲಿ ಮೂರೂ ಆರಾಮಾಗಿ ಕೂರುತ್ತವೆ.

ಈಗ ಅಳತೆಗೆ ಬರೋಣ. 24 ಇಂಚಿನ ಮಾನಿಟರ್ ಸುಮಾರು 53 ಸೆಂ.ಮೀ. ಅಗಲ, 30 ಸೆಂ.ಮೀ. ಎತ್ತರ. 32 ಇಂಚಿನದು ಸುಮಾರು 71 ಅಗಲ, 40 ಎತ್ತರ. ಎ4 ಹಾಳೆ 21 ಅಗಲ, 29.7 ಎತ್ತರ. ಅಂದರೆ 32 ಇಂಚಿನಲ್ಲಿ ಮೂರು ಎ4 ಹಾಳೆ ಅಕ್ಕಪಕ್ಕ ನಿಜವಾದ ಗಾತ್ರದಲ್ಲೇ ಹಿಡಿಯುತ್ತವೆ, ಮೇಲೆ ಕೆಳಗೆ ಟೂಲ್‌ಬಾರ್‌ಗೂ ಜಾಗ ಉಳಿಯುತ್ತದೆ. 24ರಲ್ಲಿ ಎರಡು ಹಿಡಿಯುತ್ತವೆ, ಆದರೆ ಎತ್ತರ ಎ4 ಹಾಳೆಯಷ್ಟೇ ಇರೋದರಿಂದ ಟೂಲ್‌ಬಾರ್ ಬಂದ ಕೂಡಲೇ ಹಾಳೆಯ ಬುಡ ಕಾಣೋದಿಲ್ಲ.

ಅಂಗಡಿಯಲ್ಲಿ "4ಕೆ ಅಂದರೆ ನಾಲ್ಕು ಫುಲ್ ಎಚ್‌ಡಿ ಇದ್ದಂಗೆ" ಅನ್ನುತ್ತಾರೆ. ಚುಕ್ಕೆಗಳ (ಪಿಕ್ಸೆಲ್) ಲೆಕ್ಕಕ್ಕೆ ಅದು ನಿಜ. 1920×1080ರ ನಾಲ್ಕು ಸೇರಿದರೆ 3840×2160. ಆದರೆ 32 ಇಂಚಿನಲ್ಲಿ ಸ್ಕೇಲಿಂಗ್, ಅಂದರೆ ಅಕ್ಷರ ಹಿಗ್ಗಿಸುವ ಪ್ರಮಾಣ, 100% ಇಟ್ಟರೆ ಅಕ್ಷರ ಸಾಸಿವೆಯಷ್ಟಾಗುತ್ತದೆ, ಯಾರೂ ದಿನವಿಡೀ ಓದಲಾರರು. 150% ಇಟ್ಟರೆ ಅಕ್ಷರದ ಗಾತ್ರ ಸರಿಯಾಗಿ 24 ಇಂಚಿನ ಫುಲ್ ಎಚ್‌ಡಿಯಷ್ಟೇ ಬರುತ್ತದೆ. ಆಗ ನಿಮಗೆ ಸಿಗುವ ಜಾಗ 2560×1440ರಷ್ಟು. 125% ಇಟ್ಟರೆ 3072×1728. ಎರಡು 24 ಜೋಡಿಸಿದರೆ 3840×1080. ನೋಡಿ, ಅಗಲದಲ್ಲಿ ಎರಡು ಮಾನಿಟರ್‌ಗಳೇ ಗೆಲ್ಲುತ್ತವೆ, ಇದನ್ನು ಮುಚ್ಚಿಡಬಾರದು. ಎತ್ತರದಲ್ಲಿ ದೊಡ್ಡದು ಗೆಲ್ಲುತ್ತದೆ. ಲೆಕ್ಕದವರಿಗೆ ಬೇಕಾದದ್ದು ಎತ್ತರ, ಯಾಕಂದರೆ ಎಂಟ್ರಿಗಳು ಕೆಳಕ್ಕೆ ಹೋಗುತ್ತವೆ. ನಾನು 125%ರಲ್ಲಿ ಕೆಲಸ ಮಾಡುತ್ತೇನೆ. ಮೊದಲಿಗಿಂತ ಒಂದೂವರೆ ಪಟ್ಟಿಗೂ ಜಾಸ್ತಿ ಸಾಲುಗಳು ಒಂದೇ ಸಲ ಕಾಣುತ್ತವೆ. ತಿಂಗಳ ಕೊನೆಯಲ್ಲಿ ಹತ್ತು ರೂಪಾಯಿ ವ್ಯತ್ಯಾಸ ಹುಡುಕುವಾಗ ಆ ಸಾಲುಗಳ ಬೆಲೆ ಗೊತ್ತಾಗುತ್ತದೆ.

ಕನ್ನಡ ಟೈಪಿಂಗ್ ಇದೆ ಅಂದಿರಲ್ಲ, ಅದಕ್ಕೆ ಒಂದು ಮಾತು ಜಾಸ್ತಿ ಹೇಳಬೇಕು. ಈ ಬಗ್ಗೆ ಹೇಳೋರು ಕಡಿಮೆ. ಇಂಗ್ಲಿಷ್ ಅಕ್ಷರ 24 ಇಂಚಿನ ಫುಲ್ ಎಚ್‌ಡಿಯಲ್ಲಿ ಚೆನ್ನಾಗಿಯೇ ಕಾಣುತ್ತದೆ. ಅಲ್ಲಿ ಒಂದು ಇಂಚಿಗೆ ಸುಮಾರು 92 ಚುಕ್ಕೆ. ಕನ್ನಡಕ್ಕೆ ಅದು ಸಾಲೋದಿಲ್ಲ. ನಮ್ಮ ಒತ್ತಕ್ಷರ ಕೆಳಗೆ ಸಣ್ಣದಾಗಿ ಕೂರುತ್ತದೆ, ಅಲ್ಲಿಗೆ ಬರೋದು ಕೆಲವೇ ಚುಕ್ಕೆ. ಪ ಮತ್ತು ವ ಒಂದಕ್ಕೊಂದು ಕಲಸಿಹೋಗುತ್ತವೆ. ನಮ್ಮ ಕಡೆಯ ಹೆಸರುಗಳನ್ನೇ ನೋಡಿ: ಯಲ್ಲಪ್ಪ, ಯಲ್ಲವ್ವ. ಹನುಮಪ್ಪ, ಹನುಮವ್ವ. ಒಂದು ಸಣ್ಣ ಗೀರಿನಲ್ಲಿ ಗಂಡ ಹೆಂಡತಿ ಆಗಿಬಿಡುತ್ತಾನೆ. ಒಂದು ಸಲ ಭತ್ತದ ಪಾವತಿ ಪಟ್ಟಿಯಲ್ಲಿ ನಾನೇ ಹಾಗೆ ತಪ್ಪು ಓದಿ, ಬ್ಯಾಂಕ್ ಖಾತೆಯ ಹೆಸರು ಹೊಂದದೆ ಒಬ್ಬ ರೈತರ ದುಡ್ಡು ಎಂಟು ದಿನ ತಡವಾಯಿತು. ಅವರಿಗೆ ಬಿತ್ತನೆ ಸಮಯ. ಅದು ಇನ್ನೂ ನನ್ನ ಮನಸ್ಸಿನಲ್ಲಿದೆ. 32 ಇಂಚಿನ 4ಕೆಯಲ್ಲಿ ಇಂಚಿಗೆ ಸುಮಾರು 138 ಚುಕ್ಕೆ. ಒತ್ತು ಅಚ್ಚು ಹಾಕಿದ ಪುಸ್ತಕದಂತೆ ಕಾಣುತ್ತದೆ. ದುಡ್ಡು ಅಷ್ಟು ಹೊಂದದಿದ್ದರೆ 27 ಇಂಚಿನ 2560×1440 ನೋಡಿ, ಅದರಲ್ಲಿ ಸುಮಾರು 109 ಬರುತ್ತದೆ. ಅದೂ ಒಳ್ಳೆಯದೇ. 32 ಇಂಚಿನಲ್ಲಿ ಫುಲ್ ಎಚ್‌ಡಿ ಮಾತ್ರ ಬೇಡ. ಅಗ್ಗಕ್ಕೆ ಸಿಗುತ್ತದೆ, ಆದರೆ ಇಂಚಿಗೆ 69 ಚುಕ್ಕೆ. ಕನ್ನಡ ಓದೋರಿಗೆ ಅದು ಶಿಕ್ಷೆ.

ಟಿವಿ ತಗೊಂಡರೆ ಇನ್ನೂ ದೊಡ್ಡದು ಬರುತ್ತಲ್ಲ ಅಂತ ಮನಸ್ಸಿಗೆ ಬರಬಹುದು. 43 ಇಂಚಿನ ಟಿವಿ 53 ಸೆಂ.ಮೀ.ಗೂ ಜಾಸ್ತಿ ಎತ್ತರ. ಟೇಬಲ್ ಮೇಲಿಟ್ಟರೆ ಮೇಲಿನ ಭಾಗ ಕಣ್ಣಿನ ಮಟ್ಟಕ್ಕಿಂತ ಮೇಲೆ ಹೋಗುತ್ತದೆ, ತಲೆ ಎತ್ತಿಯೇ ಕೂರಬೇಕು. ಜೊತೆಗೆ ಬಹಳ ಟಿವಿಗಳು ಬಣ್ಣದ ವಿವರವನ್ನು ಕಡಿಮೆ ಮಾಡಿ ತೋರಿಸುತ್ತವೆ. ಸಿನಿಮಾದಲ್ಲಿ ಅದು ಗೊತ್ತಾಗೋದಿಲ್ಲ, ಕೆಂಪು ಅಂಕಿಗಳ ಅಂಚು ಮಾತ್ರ ಮಸುಕಾಗುತ್ತದೆ. ಕೆಲಸಕ್ಕೆ ಮಾನಿಟರ್ರೇ ಬೇಕು.

ಕೊಳ್ಳುವ ಮೊದಲು ಲ್ಯಾಪ್‌ಟಾಪ್ ನೋಡಿ. ಇದರಲ್ಲಿ ನಾನು ಒಂದು ತಿಂಗಳು ಕಳೆದೆ. ಹೊಸ 4ಕೆ ಜೋಡಿಸಿದಾಗ ಮೌಸ್ ಕೆಸರಿನಲ್ಲಿ ನಡೆದಂತೆ ಎಳೆಯುತ್ತಿತ್ತು. ಮಾನಿಟರ್ರೇ ಕೆಟ್ಟಿದೆ ಅಂದುಕೊಂಡೆ. ಆಮೇಲೆ ತಿಳಿಯಿತು, ನನ್ನ ಹಳೆಯ ಲ್ಯಾಪ್‌ಟಾಪಿನ ಎಚ್‌ಡಿಎಂಐ (ಮಾನಿಟರ್ ಜೋಡಿಸುವ ಕಿಂಡಿ) 1.4 ನಮೂನೆಯದು. ಅದು 4ಕೆಯನ್ನು ಸೆಕೆಂಡಿಗೆ 30 ಸಲ ಮಾತ್ರ ಕಳಿಸುತ್ತದೆ. 60 ಬೇಕಂದರೆ ಎಚ್‌ಡಿಎಂಐ 2.0 ಇರಬೇಕು, ಇಲ್ಲವೇ ಡಿಸ್‌ಪ್ಲೇಪೋರ್ಟ್ 1.2. ಕೇಬಲ್ಲೂ ಅದಕ್ಕೆ ತಕ್ಕದ್ದೇ ಬೇಕು. ವಿಂಡೋಸ್‌ನಲ್ಲಿ ಡಿಸ್‌ಪ್ಲೇ ಸೆಟ್ಟಿಂಗ್ಸ್‌ಗೆ ಹೋಗಿ ಅಡ್ವಾನ್ಸ್ಡ್ ಡಿಸ್‌ಪ್ಲೇ ತೆರೆದರೆ ಈಗ ಎಷ್ಟು ಹರ್ಟ್ಸ್, ಅಂದರೆ ಸೆಕೆಂಡಿಗೆ ಎಷ್ಟು ಸಲ ಅಂತ ಕಾಣುತ್ತದೆ. ನಿಮ್ಮ ಲ್ಯಾಪ್‌ಟಾಪ್ 30ರಲ್ಲೇ ನಿಂತರೆ 4ಕೆ ಬಿಟ್ಟು 27 ಇಂಚಿನ 2560×1440ಕ್ಕೆ ಹೋಗಿ. ಅದು ಹಳೆಯ ಪೋರ್ಟ್‌ನಲ್ಲೂ ಸಾಮಾನ್ಯವಾಗಿ 60ರಲ್ಲಿ ಓಡುತ್ತದೆ. ಎರಡು ಮಾನಿಟರ್ ಅಂದರೂ ಇದೇ ತೊಂದರೆ ಬೇರೆ ರೂಪದಲ್ಲಿ ಬರುತ್ತದೆ. ಬಹಳ ಲ್ಯಾಪ್‌ಟಾಪ್‌ಗಳಲ್ಲಿ ಎಚ್‌ಡಿಎಂಐ ಕಿಂಡಿ ಇರೋದೇ ಒಂದು. ಎರಡನೆಯದಕ್ಕೆ ಡಾಕ್ (ಹೆಚ್ಚು ಕಿಂಡಿ ಕೊಡುವ ಪೆಟ್ಟಿಗೆ) ಅಂತ ಮತ್ತೆ ಖರ್ಚು.

ಕರೆಂಟಿನ ಬಗ್ಗೆ ಜನ ಸುಮ್ನೆ ಹೆದರುತ್ತಾರೆ. 24 ಇಂಚಿನ ಎಲ್‌ಇಡಿ ಮಾನಿಟರ್ ಒಂದಕ್ಕೆ ಸಾಮಾನ್ಯವಾಗಿ 20 ವ್ಯಾಟ್ ಆಸುಪಾಸು, 32ರ 4ಕೆಗೆ 40ರ ಆಸುಪಾಸು. ಎರಡು ಸಣ್ಣವು, ಒಂದು ದೊಡ್ಡದು ಹತ್ತಿರ ಹತ್ತಿರ ಒಂದೇ. ಮನೆಯ ಇನ್ವರ್ಟರ್‌ಗೆ ಹಳೆಯ ನಮೂನೆಯ ಸೀಲಿಂಗ್ ಫ್ಯಾನಿನ ಲೋಡೇ ಇದಕ್ಕಿಂತ ಜಾಸ್ತಿ. ಕರೆಂಟ್ ಹೋದರೆ ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ನಡೆಯುತ್ತದೆ, ಪಕ್ಕದಲ್ಲೇ ತೆರೆದಿಟ್ಟಿದ್ದರೆ ಕೆಲಸ ನಿಲ್ಲೋದಿಲ್ಲ.

ನಿಮ್ಮ ಟೇಬಲ್ಲೇ ನನಗೆ ಚಿಂತೆ. ಎರಡಡಿ ಅಂದರೆ 60 ಸೆಂ.ಮೀ. ಮಾನಿಟರಿನ ಸ್ಟ್ಯಾಂಡ್ ಅದರಲ್ಲಿ 20ರಿಂದ 25 ತಿನ್ನುತ್ತದೆ. 32 ಇಂಚಿನದನ್ನು ಅಷ್ಟು ಹತ್ತಿರ ಇಟ್ಟರೆ ಮೂಲೆಗಳನ್ನು ನೋಡಲು ಮತ್ತೆ ಕುತ್ತಿಗೆ ತಿರುಗಿಸಬೇಕಾಗುತ್ತದೆ. ಕಣ್ಣಿಗೂ ಸ್ಕ್ರೀನಿಗೂ ಒಂದು ತೋಳಿನ ದೂರ ಬೇಕು, 70 ಸೆಂ.ಮೀ. ಇದ್ದರೆ ಚೆಂದ. ಮಾನಿಟರ್ ಆರ್ಮ್ (ಸ್ಕ್ರೀನ್ ಹಿಡಿಯುವ ಕಬ್ಬಿಣದ ತೋಳು) ಹಾಕಿದರೆ ಸ್ಕ್ರೀನ್ ಗೋಡೆಯ ಕಡೆ ಹಿಂದಕ್ಕೆ ಹೋಗುತ್ತದೆ. ಆದರೆ ನಮ್ಮ ಕಡೆ ಬಹಳ ಮನೆಗಳಲ್ಲಿ ಟೇಬಲ್ ಅಂದರೆ ಕಡಪ ಕಲ್ಲಿನ ಹಲಗೆ. ನಿಮ್ಮದೂ ಅದೇ ಆಗಿದ್ದರೆ ಆರ್ಮಿನ ಕ್ಲಾಂಪ್ ನೇರವಾಗಿ ಬಿಗಿಯಬೇಡಿ, ಕಲ್ಲು ಪದರ ಬಿಟ್ಟು ಒಡೆಯಬಹುದು. ಗೋಡೆಗೆ ಹಾಕುವ ಆರ್ಮ್ ತಗೊಳ್ಳಿ. ಮಾನಿಟರ್ ಹಿಂದೆ 75 ಅಥವಾ 100 ಮಿ.ಮೀ. ಚೌಕದ ನಾಲ್ಕು ಸ್ಕ್ರೂ ತೂತು ಇದೆಯಾ ಅಂತ ಕೊಳ್ಳುವಾಗಲೇ ನೋಡಿ. ಎತ್ತರ ಹೇಗಿರಬೇಕಂದರೆ, ಸ್ಕ್ರೀನಿನ ಮೇಲಂಚು ಕಣ್ಣಿನ ಮಟ್ಟದಲ್ಲಿ ಅಥವಾ ಸ್ವಲ್ಪ ಕೆಳಗೆ. ಪ್ರೋಗ್ರೆಸಿವ್ ಕನ್ನಡಕ (ದೂರಕ್ಕೂ ಹತ್ತಿರಕ್ಕೂ ಒಂದೇ ಗಾಜು) ಇದ್ದರೆ ಇನ್ನೂ ಸ್ವಲ್ಪ ಇಳಿಸಿ, ಇಲ್ಲಾಂದ್ರೆ ಕೆಳಗಿನ ಗಾಜಿನಿಂದ ಓದಲು ಗದ್ದ ಎತ್ತುತ್ತಲೇ ಇರುತ್ತೀರಿ. ಕಿಟಕಿ ಪಕ್ಕದಲ್ಲಿರಲಿ, ಬೆನ್ನ ಹಿಂದೆ ಬೇಡ. ನಮ್ಮ ಬೇಸಿಗೆ ಬಿಸಿಲಿಗೆ ಯಾವ ಸ್ಕ್ರೀನೂ ಎದುರು ನಿಲ್ಲೋದಿಲ್ಲ.

ದೊಡ್ಡ ಸ್ಕ್ರೀನಿಗೆ ಒಂದು ಅಭ್ಯಾಸ ಬೇಕು. ಎರಡು ಮಾನಿಟರ್ ಇದ್ದಾಗ ಪ್ರತಿಯೊಂದಕ್ಕೂ ತನ್ನ ಮನೆ ಇರುತ್ತದೆ, ಮ್ಯಾಕ್ಸಿಮೈಸ್ ಒತ್ತಿದರೆ ಮುಗೀತು. ದೊಡ್ಡದರಲ್ಲಿ ವಿಂಡೋಗಳು ಒಂದರ ಮೇಲೊಂದು ಬಿದ್ದು ರಾಶಿಯಾಗುತ್ತವೆ. ನನಗೆ ಮೊದಲ ವಾರ ಹಳೆಯದೇ ಚೆನ್ನಾಗಿತ್ತು ಅನ್ನಿಸಿತ್ತು. ವಿಂಡೋಸ್ ಕೀ ಜೊತೆ ಎಡ, ಬಲ ಬಾಣ ಒತ್ತಿದರೆ ಅರ್ಧರ್ಧ ಕೂರುತ್ತವೆ. ವಿಂಡೋಸ್ 11ರಲ್ಲಿ ವಿಂಡೋಸ್ ಕೀ ಮತ್ತು ಝಡ್ ಒತ್ತಿದರೆ ಮೂರು ಭಾಗದ ಜೋಡಣೆಯೂ ಸಿಗುತ್ತದೆ. ನಾನು ಮೈಕ್ರೋಸಾಫ್ಟ್ ಉಚಿತವಾಗಿ ಕೊಡುವ ಪವರ್‌ಟಾಯ್ಸ್‌ನ ಫ್ಯಾನ್ಸಿಝೋನ್ಸ್ ಬಳಸುತ್ತೇನೆ. ನಡುವೆ ಅಗಲವಾದ ಪಟ್ಟಿ, ಎರಡೂ ಬದಿಗೆ ಸಣ್ಣ ಪಟ್ಟಿ ಮಾಡಿಕೊಂಡಿದ್ದೇನೆ. ಬರೆಯುವುದು ನಡುವೆ, ನೋಡಿ ಬರೆಯುವುದು ಬದಿಗೆ. ಸಂಜೆ ಬೇಕಾದರೆ ಅದಲು ಬದಲು.

ಎರಡನೇ ಮಾನಿಟರ್ ನಿಜವಾಗಿ ಬೇಕಾಗೋದು ಎದುರಿಗೆ ಇನ್ನೊಬ್ಬರು ಕೂರುವ ಕಡೆ. ನನ್ನ ಹಳೆಯ 24ರಲ್ಲಿ ಒಂದು ಈಗ ಕಕ್ಷಿದಾರರ ಕುರ್ಚಿಯ ಕಡೆ ತಿರುಗಿದೆ. ಮಿಲ್ ಮಾಲೀಕರು ಬಂದರೆ ಅವರ ಲೆಕ್ಕ ಮಾತ್ರ ಆ ಕಡೆ ಎಳೆದು ತೋರಿಸುತ್ತೇನೆ. ಎರಡರಲ್ಲೂ ಒಂದೇ ಕಾಣುವ ಡೂಪ್ಲಿಕೇಟ್ ಇಡಬಾರದು, ಬೇರೆ ಬೇರೆ ಕಾಣುವ ಎಕ್ಸ್‌ಟೆಂಡ್ ಇಡಬೇಕು. ಇಲ್ಲಾಂದ್ರೆ ಇನ್ನೊಬ್ಬರ ಫೈಲೂ ಅವರಿಗೆ ಕಾಣುತ್ತದೆ. ಮನೆಯಲ್ಲಿ ಒಬ್ಬರೇ ಕೂರುವ ನಿಮಗೆ ಅದು ಬೇಕಿಲ್ಲ. ಮಿಲ್ಲಿನವರ ಜೊತೆ ವಿಡಿಯೋ ಮೀಟಿಂಗ್ ಇದ್ದಾಗ ಲ್ಯಾಪ್‌ಟಾಪಿನ ಪರದೆಯನ್ನೇ ಶೇರ್ ಮಾಡಿ. 32 ಇಂಚಿನದನ್ನು ಪೂರ್ತಿ ಶೇರ್ ಮಾಡಿದರೆ ಆ ಕಡೆ ಫೋನಿನಲ್ಲಿ ನೋಡೋರಿಗೆ ಅಂಕಿಗಳು ಇರುವೆ ಸಾಲಿನಂತೆ ಕಾಣುತ್ತವೆ.

ದುಡ್ಡು ಹಾಕುವ ಮೊದಲು ಒಂದು ಕೆಲಸ ಮಾಡಿ. ಹಳೆಯ ಪೇಪರ್ ಜೋಡಿಸಿ 71 ಸೆಂ.ಮೀ. ಅಗಲ, 40 ಎತ್ತರಕ್ಕೆ ಕತ್ತರಿಸಿ ಟೇಬಲ್ ಹಿಂದಿನ ಗೋಡೆಗೆ ಅಂಟಿಸಿ. ಅದರ ಮುಂದೆ ಎರಡು ದಿನ ಮಾಮೂಲಿನಂತೆ ಕೂತು ಕೆಲಸ ಮಾಡಿ. ಕುರ್ಚಿಯಿಂದ ನಾಲ್ಕೂ ಮೂಲೆಯ ಸುದ್ದಿಯ ತಲೆಬರಹ ಕುತ್ತಿಗೆ ತಿರುಗಿಸದೆ ಓದಲು ಬರುತ್ತಾ ನೋಡಿ. ಬಂದರೆ 32 ತಗೊಳ್ಳಿ, ಬರದಿದ್ದರೆ 27. ಲ್ಯಾಪ್‌ಟಾಪ್ ಮಾಡೆಲ್ ಮತ್ತು ಟೇಬಲ್ ಕಲ್ಲಿನದಾ ಮರದ್ದಾ ಅಂತ ಇಲ್ಲೇ ಬರೆಯಿರಿ, ಪೋರ್ಟ್ ಮತ್ತು ಆರ್ಮ್ ಯಾವುದು ಸರಿ ಅಂತ ನೋಡಿ ಹೇಳುತ್ತೇನೆ.