ಓದುಗರ ಪ್ರಶ್ನೆ, ಬಲ್ಲವರ ಉತ್ತರ: ಅಣುಬಾಂಬಿನ ಲೆಕ್ಕ, ಒಪ್ಪಂದದ ಲೆಕ್ಕ

ಪ್ರಶ್ನೆ: ಮಗಳು ಇಲ್ಲೇ ಬಿ.ಎಸ್ಸಿ. ಫಿಸಿಕ್ಸ್ ಕೊನೆಯ ವರ್ಷದಲ್ಲಿದ್ದಾಳೆ. ಸ್ಟ್ಯಾನ್‌ಫರ್ಡ್‌ನ ಅಂತರರಾಷ್ಟ್ರೀಯ ಭದ್ರತೆ ಮತ್ತು ಸಹಕಾರ ಕೇಂದ್ರದಲ್ಲಿ ಸಂಶೋಧನೆ ಮಾಡುವ ಆಸೆ ಅವಳಿಗೆ. ಫಿಸಿಕ್ಸ್‌ನವರಿಗೆ ಅಲ್ಲೇನು ಕೆಲಸ? ದಾರಿ ಯಾವುದು?
– ಓದುಗರು, ಕೋಥ್ರೂಡ್, ಪುಣೆ

ಉತ್ತರ: ಕೆಲಸ ಧಾರಾಳವಾಗಿದೆ. 1983ರಲ್ಲಿ ಆ ಕೇಂದ್ರವನ್ನು ಕಟ್ಟಿದವರೇ ಇಬ್ಬರು: ಚೀನಾ ರಾಜಕೀಯ ಬಲ್ಲ ಜಾನ್ ಲೂಯಿಸ್, ಭೌತವಿಜ್ಞಾನಿ ಸಿಡ್ನಿ ಡ್ರೆಲ್. 2010ರ ನವೆಂಬರ್‌ನಲ್ಲಿ ಅಲ್ಲಿನ ಲೋಹವಿಜ್ಞಾನಿ ಸೀಗ್‌ಫ್ರೀಡ್ ಹೆಕರ್ ಉತ್ತರ ಕೊರಿಯಾದ ಯೋಂಗ್‌ಬ್ಯೋನ್ ಅಣುಕೇಂದ್ರಕ್ಕೆ ಹೋದಾಗ, ಅಲ್ಲಿನವರು ಸಾಲಾಗಿ ನಿಂತ ಸೆಂಟ್ರಿಫ್ಯೂಜ್‌ಗಳನ್ನು (ಗಿರಗಿರ ತಿರುಗಿ ಯುರೇನಿಯಂ ಸಂವರ್ಧಿಸುವ ಯಂತ್ರಗಳು) ತೋರಿಸಿ 2,000 ಇವೆ ಎಂದರು. ಅಷ್ಟು ಯಂತ್ರಗಳಿಂದ ವರ್ಷಕ್ಕೆ ಎಷ್ಟು ಸಂವರ್ಧಿತ ಯುರೇನಿಯಂ ಬಂದೀತು ಎನ್ನುವುದು ವಿಜ್ಞಾನದ ಪ್ರಶ್ನೆ. ಅದನ್ನು ಹೊರಗಿನವರಿಗೆ ಯಾಕೆ ತೋರಿಸಿದರು ಎನ್ನುವುದು ರಾಜಕೀಯದ ಪ್ರಶ್ನೆ. ಒಂದು ಬಿಟ್ಟರೆ ಇನ್ನೊಂದು ಅರ್ಧಂಬರ್ಧ.

ಹೊರಗಿನ ಯುವ ಸಂಶೋಧಕರು ಅಲ್ಲಿಗೆ ಹೋಗುವುದು ಹೆಚ್ಚಾಗಿ ಫೆಲೋಶಿಪ್ ಮೇಲೆ, ಅದೂ ಪಿಎಚ್.ಡಿ. ಪ್ರಬಂಧ ಬರೆಯುವ ಹಂತದಲ್ಲಿ ಅಥವಾ ಮುಗಿದ ಮೇಲೆ. ಬಿ.ಎಸ್ಸಿ. ಮುಗಿದ ಕೂಡಲೇ ಅರ್ಜಿ ಹಾಕಿ ಪ್ರಯೋಜನವಿಲ್ಲ. ಮೊದಲು ಮನೆ ಹತ್ತಿರದ ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯದ ರಕ್ಷಣಾ ಮತ್ತು ವ್ಯೂಹಾತ್ಮಕ ಅಧ್ಯಯನ ವಿಭಾಗವನ್ನು ನೋಡಲಿ. ಬೆಂಗಳೂರಿನ ನಿಯಾಸ್ (ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಅಡ್ವಾನ್ಸ್ಡ್ ಸ್ಟಡೀಸ್) ಸಂಸ್ಥೆಯಲ್ಲೂ ಈ ವಿಷಯದ ಕೆಲಸ ನಡೆಯುತ್ತದೆ.

ಅರ್ಜಿಗಳು ತಿರಸ್ಕೃತವಾಗುವುದು ಸಾಮಾನ್ಯವಾಗಿ ಸಂಶೋಧನಾ ಪ್ರಸ್ತಾವದಲ್ಲಿ. "ಭಾರತ–ಪಾಕ್ ಸಂಬಂಧ" ಎಂದು ಬರೆದರೆ ಅದು ಹತ್ತು ಜನರ ಜೀವಮಾನದ ಕೆಲಸ. ಹೀಗೆ ಕೇಳಲಿ: ಪರಸ್ಪರರ ಅಣುಸ್ಥಾವರಗಳ ಮೇಲೆ ದಾಳಿ ಮಾಡುವುದಿಲ್ಲವೆಂಬ ಒಪ್ಪಂದಕ್ಕೆ ಎರಡೂ ದೇಶ 1988ರ ಡಿಸೆಂಬರ್ 31ರಂದು ಸಹಿ ಹಾಕಿದವು. 1992ರಿಂದ ಪ್ರತಿ ಜನವರಿ 1ರಂದು ಸ್ಥಾವರಗಳ ಪಟ್ಟಿ ಕೈ ಬದಲಾಗುತ್ತದೆ. ಕಾರ್ಗಿಲ್ ಆದಮೇಲೂ ಅದು ನಿಲ್ಲಲಿಲ್ಲ. ಮಿಕ್ಕ ಮಾತುಕತೆಯೆಲ್ಲ ಮುರಿದುಬಿದ್ದಾಗ ಇದೊಂದು ಹೇಗೆ ಉಳಿಯಿತು? ಇಂಥ ಪ್ರಶ್ನೆಗೆ ಆಳವಿದೆ, ಅಂಚೂ ಇದೆ. ಶಿಫಾರಸು ಪತ್ರವನ್ನು ಅವಳ ಬರಹ ಓದಿರುವ ಅಧ್ಯಾಪಕರಿಂದಲೇ ಪಡೆಯಲಿ, ಆರು ವಾರ ಮೊದಲೇ ಕೇಳಲಿ. ಕೊನೆಗಳಿಗೆಯಲ್ಲಿ ಬರೆಸಿದ ಪತ್ರದಲ್ಲಿ "ಶ್ರಮಜೀವಿ ವಿದ್ಯಾರ್ಥಿನಿ" ಬಿಟ್ಟು ಬೇರೇನೂ ಇರುವುದಿಲ್ಲ.

ಪ್ರಶ್ನೆ: ಯುರೇನಿಯಂ 60 ಶೇಕಡಾ ಸಂವರ್ಧಿತ ಎಂದರೆ, ಬಾಂಬಿನ 90ಕ್ಕೆ ಇನ್ನೂ ಮೂರನೇ ಒಂದು ಭಾಗ ದಾರಿ ಉಳಿದಿದೆ ಎಂದಲ್ಲವೇ?
– ಓದುಗರು, ಡೊಂಬಿವಲಿ

ಉತ್ತರ: ಅಲ್ಲ. ಯುರೇನಿಯಂನಲ್ಲಿ ಮುಖ್ಯವಾಗಿ ಎರಡು ಬಗೆಯ ಪರಮಾಣು: ಸುಲಭವಾಗಿ ಸೀಳುವ, ಹಗುರವಾದ 235 ಮತ್ತು ಭಾರವಾದ 238. 235ರ ಪಾಲು ಹೆಚ್ಚಿಸುವುದೇ ಸಂವರ್ಧನೆ. ಅಕ್ಕಿ ಆರಿಸಿದ ಹಾಗೆ ಲೆಕ್ಕ ಹಾಕಿ. ಗಣಿಯ ಯುರೇನಿಯಂನ 1,000 ಪರಮಾಣುಗಳಲ್ಲಿ ಬೇಕಾದ 235 ಸುಮಾರು 7 ಮಾತ್ರ, ಮಿಕ್ಕಿದ್ದು 238. ಆ ಏಳನ್ನು ಮೊರದಲ್ಲೇ ಬಿಟ್ಟು ಉಳಿದುದನ್ನು ಆರಿಸಿ ಎಸೆಯುತ್ತ ಹೋಗಿ. 825 ಎಸೆದು 175 ಉಳಿದಾಗ 4 ಶೇಕಡಾ, ವಿದ್ಯುತ್ ಸ್ಥಾವರಕ್ಕೆ ಸಾಕು. 35 ಉಳಿದಾಗ 20. ಸುಮಾರು 12 ಉಳಿದಾಗ 60. ಅಲ್ಲಿಂದ 90ರ ಆಸುಪಾಸಿಗೆ ಇನ್ನು ಎಸೆಯಬೇಕಾದದ್ದು ನಾಲ್ಕೇ ನಾಲ್ಕು. ಯಂತ್ರದಲ್ಲಿ ಒಂದಿಷ್ಟು 235 ಕೂಡ ಕಸದ ಜೊತೆ ಹೋಗುತ್ತದೆ, ಆದರೂ ಲೆಕ್ಕದ ದಿಕ್ಕು ಇದೇ. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಒಂದು ಬಾಂಬಿನ ಸಾಧ್ಯತೆಗೆ ಇಟ್ಟಿರುವ ಅಳತೆ 25 ಕಿಲೋ 235. ಅಷ್ಟು 235 ಸಿಗಲು 60 ಶೇಕಡಾದ ಯುರೇನಿಯಂ ಸುಮಾರು 42 ಕಿಲೋ ಇದ್ದರಾಯಿತು. ಮುಂದಿನ ಸಲ ಸುದ್ದಿಯಲ್ಲಿ ಶೇಕಡಾವಾರು ಕಂಡರೆ, ಜೊತೆಗೆ ಎಷ್ಟು ಕಿಲೋ ಎಂದೂ ಹುಡುಕಿ.