ರಾಜ್ಯವಾರು ಎಫ್‌ಡಿಐ ಅಂಕಿಯನ್ನು ನಂಬಿ ಹೊರಡಬೇಡಿ

ಚೀನಾದ ಪ್ರಾಂತ್ಯಗಳಿಗೆ ಮಾಡಿದಂತೆ ನಮ್ಮ ರಾಜ್ಯಗಳಿಗೂ ಎಫ್‌ಡಿಐ (ವಿದೇಶಿ ನೇರ ಹೂಡಿಕೆ), ಬೌದ್ಧಿಕ ಆಸ್ತಿ ರಕ್ಷಣೆ, ಇಂಗಾಲದ ಹೊಗೆ ಮೂರನ್ನೂ ಸೇರಿಸಿ ರಿಗ್ರೆಶನ್, ಅಂದರೆ ಒಂದಕ್ಕೊಂದರ ನಂಟು ಅಳೆಯುವ ಲೆಕ್ಕ, ಮಾಡಬಹುದೇ ಅಂತ ಕೇಳಿದ್ದೀರಿ. ಇದೇ ಲೆಕ್ಕ ನಾನೂ ಹಾಕಿದ್ದೆ. ವಿದೇಶಿ ಹಣ ಹೆಚ್ಚಿದ್ದಲ್ಲಿ ಹೊಗೆ ಕಡಿಮೆ ಅಂತ ಚೆಂದದ ಉತ್ತರ ಬಂತು. ಪೂರಾ ಸುಳ್ಳು.

ಹಣ ಎಲ್ಲಿ ದಾಖಲಾಯಿತೋ ಅಲ್ಲೇ ಖರ್ಚಾಯಿತು ಅಂದುಕೊಂಡದ್ದೇ ತಪ್ಪು. 2019ರ ಅಕ್ಟೋಬರ್‌ಗೆ ಮುಂಚಿನ ಅಂಕಿಗಳು ರಾಜ್ಯವಾರು ಅಲ್ಲವೇ ಅಲ್ಲ, ರಿಸರ್ವ್ ಬ್ಯಾಂಕಿನ ಪ್ರಾದೇಶಿಕ ಕಚೇರಿವಾರು. ಮುಂಬೈ ಸಾಲಿನಲ್ಲಿ ಮಹಾರಾಷ್ಟ್ರದ ಜೊತೆ ದಾದ್ರಾ-ನಗರ ಹವೇಲಿ, ದಮನ್-ದಿಯು ಕೂಡ ಇವೆ. ಕಂಪನಿಯ ನೋಂದಾಯಿತ ಕಚೇರಿ ಒಂದು ಕಡೆ, ಕಾರ್ಖಾನೆ ಇನ್ನೊಂದು ಕಡೆ ಇರುವುದು ಅದಕ್ಕಿಂತ ದೊಡ್ಡ ತಲೆನೋವು. 2010ರಲ್ಲಿ ಜಪಾನಿನ ಉಕ್ಕು ಕಂಪನಿ ಜೆಎಫ್‌ಇ ನಮ್ಮ ಜೆಎಸ್‌ಡಬ್ಲ್ಯು ಸ್ಟೀಲ್‌ನಲ್ಲಿ ಸುಮಾರು ಶೇ 15 ಪಾಲು ಕೊಂಡಿತು. ಜೆಎಸ್‌ಡಬ್ಲ್ಯು ಕಚೇರಿ ಮುಂಬೈಯಲ್ಲಿ, ಊದುಕುಲುಮೆ ಕರ್ನಾಟಕದ ತೋರಣಗಲ್ಲಿನಲ್ಲಿ. ಇತ್ತ ಕರ್ನಾಟಕದ ಸಾಲಿನಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಹಣವನ್ನೂ ರಾಯಚೂರಿನ ವಿದ್ಯುತ್ ಸ್ಥಾವರದ ಕಲ್ಲಿದ್ದಲನ್ನೂ ಪಕ್ಕಪಕ್ಕ ಕೂರಿಸಿದ್ದೆ!

ಬೌದ್ಧಿಕ ಆಸ್ತಿಯ ಕಥೆ ಇನ್ನೂ ಸರಳ. ಪೇಟೆಂಟ್ ಕಾಯ್ದೆ ದೇಶಕ್ಕೆಲ್ಲ ಒಂದೇ. ಆಯಾ ವರ್ಷ ಎಲ್ಲ ರಾಜ್ಯಗಳಿಗೂ ಸಮಾನವಾಗಿದ್ದುದನ್ನು ಕಳೆಯುವ ‘ವರ್ಷದ ಡಮ್ಮಿ’ಯನ್ನು ಲೆಕ್ಕಕ್ಕೆ ಹಾಕಿದ ಕೂಡಲೇ ಅದರ ಪರಿಣಾಮ ಮಾಯ. ರಾಜ್ಯವಾರು ಪೇಟೆಂಟ್ ಅರ್ಜಿಗಳನ್ನು ಎಣಿಸಿದರೆ ಸಂಶೋಧಕರು ಎಲ್ಲಿ ಕೂತಿದ್ದಾರೆ ಅಂತ ತಿಳಿಯುತ್ತದೆ, ರಕ್ಷಣೆ ಎಷ್ಟಿದೆ ಅಂತಲ್ಲ. ಚೀನಾದಲ್ಲಾದರೆ 2014ರ ಕೊನೆಗೆ ಬೀಜಿಂಗ್, ಗುವಾಂಗ್‌ಝೌ, ಶಾಂಘೈಗಳಿಗೆ ಮೊದಲು ಬೌದ್ಧಿಕ ಆಸ್ತಿಯ ವಿಶೇಷ ನ್ಯಾಯಾಲಯಗಳು ಬಂದವು. ಅಲ್ಲಿ ಹೋಲಿಕೆಗೆ ಆಸ್ಪದವಿದೆ.

ಹಾಗಾಗಿ ರಾಜ್ಯ ಬಿಡಿ, ಕೈಗಾರಿಕೆ ಹಿಡಿಯಿರಿ. 2005ರ ಜನವರಿ 1ರಿಂದ ಔಷಧ, ರಾಸಾಯನಿಕ, ಆಹಾರಗಳಿಗೂ ಉತ್ಪನ್ನ ಪೇಟೆಂಟ್ (ತಯಾರಿಸುವ ವಿಧಾನಕ್ಕಷ್ಟೇ ಅಲ್ಲ, ವಸ್ತುವಿಗೇ ಸಿಗುವ ಪೇಟೆಂಟ್) ಬಂತು. ಯಂತ್ರೋಪಕರಣ, ವಾಹನಗಳ ಮಟ್ಟಿಗೆ ಅದು ಮೊದಲಿನಿಂದಲೂ ಇತ್ತು. ಈ ಎರಡು ಗುಂಪುಗಳನ್ನು 2005ರ ಆಚೆ-ಈಚೆ ಹೋಲಿಸಿ. ವಾರ್ಷಿಕ ಕೈಗಾರಿಕಾ ಸಮೀಕ್ಷೆಯಲ್ಲಿ ಕಾರ್ಖಾನೆವಾರು ಕಲ್ಲಿದ್ದಲು, ವಿದ್ಯುತ್ ಬಳಕೆ ಸಿಗುತ್ತದೆ. ವಿದೇಶಿ ಹಣಕ್ಕೆ ವಲಯವಾರು ಎಫ್‌ಡಿಐ ಜೋಡಿಸಿ. ಆಯಾ ವರ್ಷದ ಒಳಹರಿವಲ್ಲ, ಸಂಚಿತ ಮೊತ್ತ.

ಕಲ್ಲಿದ್ದಲಿನ ಶಾಖಕ್ಕೆ ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ ಕೊಡುವ ಟನ್ನಿಗೆ 25.8 ಗಿಗಾಜೂಲ್ ಅಂಕಿಯನ್ನು ಕಣ್ಣುಮುಚ್ಚಿ ಹಾಕಬೇಡಿ. ನಮ್ಮ ಜಿ11 ದರ್ಜೆಯ ಕಲ್ಲಿದ್ದಲು ಕಿಲೋಗೆ 4000–4300 ಕಿಲೋಕ್ಯಾಲೊರಿ, ಅಂದರೆ ಟನ್ನಿಗೆ ಹೆಚ್ಚೆಂದರೆ ಸುಮಾರು 18 ಗಿಗಾಜೂಲ್; ಐಪಿಸಿಸಿ ಅಂಕಿ ಹಾಕಿದರೆ ಹೊಗೆಯ ಲೆಕ್ಕ ಸುಮಾರು ಒಂದೂವರೆ ಪಟ್ಟು ಉಬ್ಬುತ್ತದೆ. ವಿದ್ಯುತ್ತಿಗೆ ಕೇಂದ್ರ ವಿದ್ಯುತ್ ಪ್ರಾಧಿಕಾರದ ಆಯಾ ವರ್ಷದ ಗುಣಕ (ಯೂನಿಟ್ಟಿಗೆ ಎಷ್ಟು ಇಂಗಾಲದ ಡೈಆಕ್ಸೈಡ್ ಎಂಬ ಅಂಕಿ) ಬಳಸಿ. ಈಚೆಗೆ ಯೂನಿಟ್ಟಿಗೆ ಸುಮಾರು 0.7 ಕೆಜಿ ಇದೆ. ಅದನ್ನೇ 2005ಕ್ಕೂ ಹಚ್ಚಿದರೆ ಹಳೆಯ ಹೊಗೆ ಕಡಿಮೆ ಕಾಣುತ್ತದೆ.