ಆನ್‌ಲೈನ್ ಡಿಗ್ರಿ ಇಟ್ಕೊಂಡು ಹೊರದೇಶದಲ್ಲಿ ಇಂಗ್ಲಿಷ್ ಟೀಚರ್ ಆಗಬಹುದಾ?

ನೀವು ಕಳಿಸಿದ ಈ ಪ್ರಶ್ನೆಯಲ್ಲಿ ಊರು ಶಿರಾ ಅನ್ನೋ ಕಡೆ ಗುಬ್ಬಿ ಅಂತ ತಿದ್ದಿದರೆ ಇದು ನಾನೇ ಬರೆದ ಪ್ರಶ್ನೆ. ಪ್ರೈವೇಟ್ ಸ್ಕೂಲಲ್ಲಿ ಕೆಲಸ, ಜೊತೆಗೆ ಆನ್‌ಲೈನ್‌ನಲ್ಲಿ ಬಿಎ, ಕೊರಿಯಾಗೋ ದುಬೈಗೋ ಹೋಗಿ ಇಂಗ್ಲಿಷ್ ಪಾಠ ಮಾಡೋ ಆಸೆ, ಡಿಗ್ರಿ ಒಪ್ತಾರಾ ಇಲ್ಲಾ ಮತ್ತೆ ಕಾಲೇಜಿಗೆ ಸೇರಬೇಕಾ ಅನ್ನೋ ಗೊಂದಲ.

ನಂದು ಆನ್‌ಲೈನ್ ಅಲ್ಲ, ದೂರಶಿಕ್ಷಣ. ಸೋಮವಾರದಿಂದ ಶನಿವಾರ ತುಮಕೂರಿನ ಒಂದು ಸ್ಕೂಲಲ್ಲಿ ಪಾಠ, ರಾತ್ರಿ ಓದು, ರಜೆ ಸಿಕ್ಕಾಗ ಸಂಪರ್ಕ ತರಗತಿ. ಹಾಗೇ ಬಿಎ ಮುಗಿಸಿದೆ. ಯುಎಇಯ ಒಂದು ಶಾಲೆಯವರು ಸ್ಕೈಪಲ್ಲಿ ಇಂಟರ್‌ವ್ಯೂ ಮಾಡಿ ಆಫರ್ ಲೆಟರ್ ಕಳಿಸಿದ ದಿನ ನಮ್ಮಪ್ಪ ಬೀದಿಗೆಲ್ಲ ಹೇಳ್ಕೊಂಡು ಬಂದಿದ್ರು.

ಇಲ್ಲಿಂದ ಮುಂದಿನದ್ದನ್ನ ನಿಧಾನಕ್ಕೆ ಓದಿ. ಅಟೆಸ್ಟೇಷನ್‌ಗೆ, ಅಂದ್ರೆ ಸರ್ಟಿಫಿಕೇಟ್ ಅಸಲಿ ಅಂತ ಸರ್ಕಾರಿ ಸೀಲು ಹಾಕಿಸೋಕೆ ಅಂತ ಬೆಂಗಳೂರಲ್ಲಿ ಒಬ್ಬ ಏಜೆಂಟ್ ಹಿಡಿದೆ. ಯುಎಇ ಶಾಲೆಯವರು ಕಳಿಸಿದ ಫಾರಂನಲ್ಲಿ 'ಮೋಡ್ ಆಫ್ ಸ್ಟಡಿ' ಅಂತ ಒಂದು ಕಾಲಂ. ನಾನು ಪೆನ್ ಹಿಡ್ಕೊಂಡು ಯೋಚಿಸ್ತಾ ಕೂತಿದ್ದೆ. ಆ ಪುಣ್ಯಾತ್ಮ ನನ್ನ ಡಿಗ್ರಿ ಸರ್ಟಿಫಿಕೇಟನ್ನ ಹಿಂದೆ ಮುಂದೆ ತಿರುಗಿಸಿ ನೋಡಿ, "ಇದರಲ್ಲಿ ಎಲ್ಲೂ ಡಿಸ್ಟೆನ್ಸ್ ಅಂತ ಇಲ್ವಲ್ಲ ಮೇಡಂ, ರೆಗ್ಯುಲರ್ ಅಂತ ಟಿಕ್ ಹಾಕಿ, ಯಾರು ಕೇಳ್ತಾರೆ" ಅಂದ. ಹಾಕಿದೆ. ಸುಳ್ಳು ಬರೀತಿದೀನಿ ಅಂತ ಅನ್ನಿಸಲೂ ಇಲ್ಲ. ವಿಶ್ವವಿದ್ಯಾಲಯಗಳನ್ನ ನೋಡ್ಕೊಳ್ಳೋ ನಮ್ಮ ಯುಜಿಸಿಯೇ ಎರಡೂ ಸಮ ಅನ್ನುತ್ತಲ್ಲ ಅಂತ ನನಗೆ ನಾನೇ ಸಮಾಧಾನ ಹೇಳ್ಕೊಂಡೆ.

ಕೇಳೋರು ಇದ್ರು. ಯುಎಇಯಲ್ಲಿ ಹೊರಗಿನ ಪದವಿಗೆ ತತ್ಸಮಾನ ಮಾನ್ಯತೆ ಕೊಡುವಾಗ ಸರ್ಟಿಫಿಕೇಟಿನ ಹಿಂದೆ ಬಿದ್ದ ಸೀಲು ಮಾತ್ರ ಸಾಲ್ತಿರಲಿಲ್ಲ. ಆಗ ಓದಿದ ವಿಶ್ವವಿದ್ಯಾಲಯದಿಂದ 'ಜೆನ್ಯೂನ್‌ನೆಸ್' ಪತ್ರ ತರಿಸ್ತಿದ್ರು. ಪದವಿ ಅಸಲಿಯಾ ಅನ್ನೋದರ ಜೊತೆಗೆ ಯಾವ ವಿಧಾನದಲ್ಲಿ ಓದಿದ್ದು, ಎಲ್ಲಿ ಓದಿದ್ದು, ಪರೀಕ್ಷೆ ಎಲ್ಲಿ ಬರೆದದ್ದು ಅಂತಲೂ ಅದರಲ್ಲಿ ಇರ್ತಿತ್ತು. ನಮ್ಮ ವಿವಿ ಗುಮಾಸ್ತರು ಇದ್ದದ್ದನ್ನ ಇದ್ದ ಹಾಗೇ ಬರೆದು ಕೊಟ್ಟಿದ್ರು: ದೂರಶಿಕ್ಷಣ, ಪರೀಕ್ಷಾ ಕೇಂದ್ರ ತುಮಕೂರು.

ಸರಿ, ಆ ಪತ್ರ ಬರದೇ ಇದ್ದಿದ್ದರೂ ನಾನು ಉಳೀತಿರಲಿಲ್ಲ. ಅದೇ ಫೈಲಲ್ಲಿ ನನ್ನ ಎಕ್ಸ್‌ಪೀರಿಯನ್ಸ್ ಸರ್ಟಿಫಿಕೇಟ್ ಇತ್ತು. ಬಿಎ ಓದಿದ ಅವೇ ವರ್ಷಗಳಲ್ಲಿ ತುಮಕೂರಿನ ಶಾಲೆಯಲ್ಲಿ ಪೂರ್ಣಾವಧಿ ಶಿಕ್ಷಕಿ ಅಂತ ಹೆಡ್‌ಮಾಸ್ಟರ್ ಸಹಿ, ಮೊಹರು. ದಿನಾ ಇಲ್ಲಿ ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರ ತನಕ ಪಾಠ ಮಾಡೋಳು ಇನ್ನೊಂದು ಊರಲ್ಲಿ ರೆಗ್ಯುಲರ್ ಕಾಲೇಜಿಗೆ ಹೇಗೆ ಹೋದಳು? ಎರಡು ಕಾಗದ ಪಕ್ಕಪಕ್ಕ ಇಟ್ಟರೆ ಹೈಸ್ಕೂಲ್ ಹುಡುಗನೂ ಹಿಡೀತಾನೆ. ನಾನೇ ಜೋಡಿಸಿ ಪಿನ್ ಹೊಡೆದ ಫೈಲದು, ನನಗೆ ಕಾಣಲಿಲ್ಲ.

ಆಫರ್ ವಾಪಸ್ ತಗೊಂಡ್ರು. ಮೇಲ್‌ನಲ್ಲಿದ್ದದ್ದು ದಾಖಲೆಗಳಲ್ಲಿ ವ್ಯತ್ಯಾಸ ಅನ್ನೋ ಕಾರಣ, ದೂರಶಿಕ್ಷಣ ಅನ್ನೋದಲ್ಲ. ಆಮೇಲೆ ಫೋನಲ್ಲಿ ಅಲ್ಲಿನ ಎಚ್‌ಆರ್ ಹೆಂಗಸು, ಮೊದಲೇ ಹೇಳಿದ್ದರೆ ಅಸಿಸ್ಟೆಂಟ್ ಟೀಚರ್ ಹುದ್ದೆಗಾದರೂ ನೋಡ್ತಿದ್ವಿ ಅಂದ್ರು. ಅಷ್ಟರಲ್ಲಿ ಇಲ್ಲಿ ವರ್ಷದ ಮಧ್ಯೆ ರಾಜೀನಾಮೆ ಕೊಟ್ಟಾಗಿತ್ತು, ನನ್ನ ಜಾಗಕ್ಕೆ ಬೇರೆಯವರು ಬಂದಾಗಿತ್ತು. ಮನೇಲಿ ಟ್ಯೂಷನ್ ಹೇಳ್ಕೊಂಡು ಕೂತೆ. ಏಜೆಂಟ್ ಫೀಸಂತೂ ನೀರಲ್ಲಿ ಹೋಮ.

(ಇನ್ನೊಂದು, ಮರೆಯೋ ಮುಂಚೆ: ಮಾರ್ಕ್ಸ್ ಕಾರ್ಡು, ಡಿಗ್ರಿ ಯಾವುದಕ್ಕೂ ಲ್ಯಾಮಿನೇಷನ್ ಮಾಡಿಸಬೇಡಿ. ಪ್ಲಾಸ್ಟಿಕ್ ಮೇಲೆ ಸೀಲು ಹಾಕಲ್ಲ. ನಾನು ಮಾಡಿಸಿದ್ದೆ. ಟೌನ್‌ಹಾಲ್ ಹತ್ತಿರ ಜೆರಾಕ್ಸ್ ಅಂಗಡಿಯವರು ಬಿಸಿ ಮಾಡಿ ಬಿಡಿಸ್ತಿದ್ದರೆ, ಹೆಸರಿನ ಮೇಲಿನ ಶಾಯಿ ಎದ್ದು ಬರುತ್ತೇನೋ ಅಂತ ನಾನು ಉಸಿರು ಹಿಡ್ಕೊಂಡು ನಿಂತಿದ್ದೆ.)

ಈಗ ನಿಮ್ಮ ವಿಷಯ. ಆನ್‌ಲೈನ್ ಡಿಗ್ರಿ ಒಪ್ತಾರಾ ಅಂತ ಕೇಳೋದು ಆಮೇಲೆ. ನಿಮ್ಮ ಪಾಸ್‌ಪೋರ್ಟ್ ಒಪ್ತಾರಾ ಅಂತ ಮೊದಲು ಕೇಳಿ. ಯೂಟ್ಯೂಬಲ್ಲಿ ಕೊರಿಯಾ ಬಗ್ಗೆ ಹೇಳೋರು ಹೆಚ್ಚಿನವರು ಅಮೆರಿಕದವರು. ಕೊರಿಯಾದಲ್ಲಿ ಇಂಗ್ಲಿಷ್ ಕಲಿಸೋ ಇ-2 ವೀಸಾ ಮಾಮೂಲಾಗಿ ಏಳು ದೇಶದವರಿಗೆ ಮಾತ್ರ: ಅಮೆರಿಕ, ಕೆನಡಾ, ಬ್ರಿಟನ್, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ. 2010ರಲ್ಲಿ ಜಾರಿಗೆ ಬಂದ ಭಾರತ–ಕೊರಿಯಾ ಒಪ್ಪಂದದಲ್ಲಿ ನಮಗೂ ಸಹಾಯಕ ಶಿಕ್ಷಕರಾಗೋಕೆ ಒಂದು ಸಣ್ಣ ಕಿಂಡಿ ಬಿಟ್ಟಿದ್ದಾರೆ, ಅದಕ್ಕೂ ಡಿಗ್ರಿ ಜೊತೆ ಶಿಕ್ಷಕರ ಅರ್ಹತಾ ಪತ್ರ ಬೇಕು. ಜಪಾನಿನ ಇನ್‌ಸ್ಟ್ರಕ್ಟರ್ ವೀಸಾಗೆ, ಕಲಿಸೋ ಭಾಷೆಯಲ್ಲೇ ಹನ್ನೆರಡು ವರ್ಷ ಓದಿರಬೇಕು. ನೀವು ಎಸ್‌ಎಸ್‌ಎಲ್‌ಸಿವರೆಗೆ ಕನ್ನಡ ಮಾಧ್ಯಮ ಅಂತ ಬರೆದಿದ್ದೀರಿ. ಹಾಗಾಗಿ ಅದೂ ಮುಚ್ಚಿದ ಬಾಗಿಲು. ಇಲ್ಲೆಲ್ಲ ನಿಮ್ಮ ಡಿಗ್ರಿ ಆನ್‌ಲೈನೋ ಆಫ್‌ಲೈನೋ ಅನ್ನೋ ಮಾತೇ ಬರಲ್ಲ.

ಡಿಗ್ರಿಗೆ ಸಂಬಂಧಪಟ್ಟಂತೆ ನೀವು ನೋಡಬೇಕಾದ್ದು ಯುಜಿಸಿಯ ದೂರಶಿಕ್ಷಣ ಬ್ಯೂರೋ ವೆಬ್‌ಸೈಟು. ಅಲ್ಲಿ ನಿಮ್ಮ ವಿವಿಯ ಹೆಸರಿದ್ದರೆ ಸಾಲದು, ನಿಮ್ಮ ಕೋರ್ಸ್ ಇರಬೇಕು, ನೀವು ಸೇರಿದ ವರ್ಷಕ್ಕೆ ಅನುಮತಿ ಇರಬೇಕು. ಮೈಸೂರಿನ ಮುಕ್ತ ವಿವಿಗೆ 2013-14ರಿಂದ ಮಾನ್ಯತೆ ಇಲ್ಲದೆ, 2018-19ಕ್ಕೆ ಮತ್ತೆ ಸಿಕ್ಕಿದ್ದು ನಮ್ಮ ಜಿಲ್ಲೆಯಲ್ಲಿ ಯಾರಿಗೆ ಗೊತ್ತಿಲ್ಲ? ನಡುವೆ ಸೇರಿದವರ ಪಾಡು ಹೇಳತೀರದು. ಅನುಮತಿ ಇದ್ದರೆ ಯುಜಿಸಿಯ 2020ರ ನಿಯಮದ ಪ್ರಕಾರ ನಿಮ್ಮ ಆನ್‌ಲೈನ್ ಪದವಿ ಕಾಲೇಜಿನ ಪದವಿಗೆ ಸಮ. ಆದರೆ ಆ ನಿಯಮ ಇಲ್ಲಿಗೆ. ದುಬೈಯವರು ದೆಹಲಿ ಮಾತು ಕೇಳಬೇಕು ಅಂತ ಏನೂ ಇಲ್ಲ.

ಮತ್ತೆ ಬಿಎ ಮಾಡಬೇಡಿ, ಹುಚ್ಚುತನ. ಬಿಎ ಮುಗಿಸಿ ಬಿಎಡ್ ಮಾಡಿ, ಕಾಲೇಜಿಗೆ ಹೋಗಿ, ಎರಡು ವರ್ಷ. ಆನ್‌ಲೈನ್ ಬಿಎಡ್ ಅಂತ ಯಾರಾದರೂ ಬಂದರೆ ಬಾಗಿಲಿಂದಲೇ ಕಳಿಸಿ. ನಾನು ಕೊನೆಗೆ ಹೋಗಿದ್ದು ಈ ದಾರೀಲೇ. ತುಮಕೂರಲ್ಲೇ ಬಿಎಡ್ ಮಾಡಿ, ಮಸ್ಕತ್‌ನಲ್ಲಿ ಸಿಬಿಎಸ್‌ಇ ಪಠ್ಯ ಇರೋ ಭಾರತೀಯ ಶಾಲೆಗೆ ಸೇರಿದೆ. ಓಮನ್ 'ಅಪೊಸ್ಟಿಲ್' ಅನ್ನೋ ದಾಖಲೆ ದೃಢೀಕರಣ ಒಪ್ಪುವ ದೇಶ, ನಮ್ಮ ವಿದೇಶಾಂಗ ಸಚಿವಾಲಯದ ಆ ಸ್ಟಿಕ್ಕರ್ ಬಿದ್ದರೆ ಎಂಬೆಸಿಗೆ ಬೇರೆ ಅಲೆಯಬೇಕಿಲ್ಲ. ಈ ಸಲ ಫಾರಂನಲ್ಲಿ ಬಿಎ ದೂರಶಿಕ್ಷಣ ಅಂತಲೇ ಬರೆದಿದ್ದೆ. ಯಾರೂ ತುಟಿಪಿಟಿಕ್ ಅನ್ನಲಿಲ್ಲ. ಕೇಳಿದ್ದು ಬಿಎಡ್ ಬಗ್ಗೆ, ಡೆಮೊ ಕ್ಲಾಸ್ ನೋಡಿದ್ದು ಐದನೇ ಕ್ಲಾಸಿನ ಮಕ್ಕಳ ಮುಂದೆ.

ಆನ್‌ಲೈನ್‌ನಲ್ಲಿ ಸಿಗೋ 120 ಗಂಟೆ ಟೆಫೆಲ್ (ಇಂಗ್ಲಿಷ್ ಮನೆಮಾತಲ್ಲದವರಿಗೆ ಅದನ್ನ ಕಲಿಸೋ ತರಬೇತಿ) ಬಗ್ಗೆಯೂ ಕೇಳಿದ್ದೀರಿ. ವಿಯೆಟ್ನಾಂ ತಲೆಯಲ್ಲಿದ್ದರೆ ಡಿಗ್ರಿ ಜೊತೆ ಅಂಥದ್ದೊಂದು ಬೇಕಾಗುತ್ತೆ. ದುಡ್ಡು ಹೊಂದಿಸೋಕೆ ಆದರೆ ಸೆಲ್ಟಾ ಅನ್ನೋ ಕೇಂಬ್ರಿಜ್‌ನ ಇಂಗ್ಲಿಷ್ ಶಿಕ್ಷಕರ ಕೋರ್ಸ್ ಮಾಡಿ, ಅದರಲ್ಲಿ ನಿಜವಾದ ವಿದ್ಯಾರ್ಥಿಗಳಿಗೆ ಆರು ಗಂಟೆ ಪಾಠ ಮಾಡಿಸಿ ನೋಡ್ತಾರೆ. ಬರೀ ವಿಡಿಯೋ ನೋಡಿ ಕ್ವಿಜ್ ಬರೆಯೋ ಕೋರ್ಸಿಗೆ ನಾನಂತೂ ದುಡ್ಡು ಹಾಕಲ್ಲ.

ಯಾರೋ ಕನ್ಸಲ್ಟೆಂಟ್ ಅಡ್ವಾನ್ಸ್ ಕೇಳ್ತಿದ್ದಾರೆ ಅಂದ್ರಲ್ಲ, ಕೊಡೋ ಮುಂಚೆ ಆಫರ್ ಲೆಟರ್‌ನಲ್ಲಿ ವಿದ್ಯಾರ್ಹತೆ ಬಗ್ಗೆ ಏನಿದೆಯೋ ಆ ಸಾಲನ್ನ ಹಾಗೇ ಕಾಮೆಂಟ್‌ನಲ್ಲಿ ಹಾಕಿ, ನೋಡಿ ಹೇಳ್ತೀನಿ. ಲೆಟರ್ರೇ ಇನ್ನೂ ಬಂದಿಲ್ಲ ಅಂದ್ರೆ ಒಂದು ರೂಪಾಯಿನೂ ಕೊಡಬೇಡಿ.